ಡಬ್ಬಿಯ ಮೇಲಿನ ಕಂದು ಚುಕ್ಕೆ

ಬಸವಕಲ್ಯಾಣದಲ್ಲಿ ಖಾಲಿ ಡಬ್ಬಿ ಎಸೆಯುವ ಹೆಂಗಸು ಇನ್ನೂ ಹುಟ್ಟಿಲ್ಲ. ಪ್ಲಾಸ್ಟಿಕ್ ಆಗಲಿ ತಗಡಾಗಲಿ, ಒಳಗಿನ ಮಾಲು ಮುಗಿದ ದಿನವೇ ಅದು ಬಿಸಿನೀರು ಕಾಣುತ್ತದೆ. ಮರುದಿನ ಸಾಸಿವೆಯನ್ನೋ ಜೀರಿಗೆಯನ್ನೋ ತುಂಬಿಕೊಂಡು ಅಡುಗೆಮನೆಯ ಗೂಡಿನಲ್ಲಿ ನಿಲ್ಲುತ್ತದೆ. ವೀರಭದ್ರ ಇದೇ ಊರಿನಲ್ಲಿ ಹುಟ್ಟಿ ಬೆಳೆದವನು. ಆದರೂ ಇದನ್ನು ಮರೆತ.

2004ರ ಶ್ರಾವಣದ ಒಂದು ಮಂಗಳವಾರ ಬೆಳಿಗ್ಗೆ ಸಂಗಮ್ಮ, ಅತ್ತೆ ಬಂಡಮ್ಮನ ಗುಳಿಗೆಗಳ ಖಾಲಿ ಡಬ್ಬಿಯನ್ನು ಬಿಸಿನೀರಿನಲ್ಲಿ ನೆನೆಹಾಕಿದ್ದಳು. ಡಬ್ಬಿಯ ಮೇಲೆ ವೀರಭದ್ರನ ಹೆಸರು, ಹುಮನಾಬಾದದ ಫೋನ್ ನಂಬರು ಇದ್ದ ಹಳದಿ ಚೀಟಿ ಅಂಟಿತ್ತು. ನೆನೆದ ಚೀಟಿಯನ್ನು ಉಗುರಿನಿಂದ ಎಬ್ಬಿಸಿದಾಗ ಅದರಡಿಯಲ್ಲಿ, ಡಬ್ಬಿಯ ಮೈಮೇಲೆಯೇ ಅಚ್ಚಾದ ಒಂದು ಗುರುತು ಕಂಡಿತು. ಸಣ್ಣ ಚೌಕ, ನಡುವೆ ಗುಂಡನೆಯ ಚುಕ್ಕೆ. ಬಣ್ಣ ಕಂದು.

ಬೇರೆ ಯಾರಾದರೂ ಆಗಿದ್ದರೆ ಡಬ್ಬಿಯನ್ನು ಒರೆಸಿ ಬಿಸಿಲಿಗೆ ಇಡುತ್ತಿದ್ದರು. ಸಂಗಮ್ಮನಿಗೆ ಆ ಗುರುತು ಗೊತ್ತಿತ್ತು. ಹತ್ತು ವರ್ಷ ಅಗಸೆ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಪೊಟ್ಟಣ ಕಟ್ಟಿ ಮಾರಿದವಳು ಅವಳು. ಎರಡು ವರ್ಷದ ಹಿಂದೆ ಬೀದರದಿಂದ ಬಂದ ತಪಾಸಣೆಯವನು, ಪೊಟ್ಟಣದ ಮೇಲೆ ಹಸಿರು ಚುಕ್ಕೆ ಹಾಕಿಸಬೇಕೆಂದು ಹೇಳಿ ಹೋಗಿದ್ದ. ಸಸ್ಯಾಹಾರಕ್ಕೆ ಹಸಿರು, ಮಾಂಸಾಹಾರಕ್ಕೆ ಕಂದು. ಸಂಗಮ್ಮ ಆ ಹಸಿರು ಚುಕ್ಕೆಯ ಅಚ್ಚು ಮಾಡಿಸಿ ಸಾವಿರಾರು ಪೊಟ್ಟಣಗಳ ಮೇಲೆ ತನ್ನ ಕೈಯಿಂದಲೇ ಒತ್ತಿದ್ದಳು.

ಅವಳು ಒದ್ದೆ ಕೈಯಲ್ಲೇ ಎದ್ದು ಪಡಸಾಲೆಗೆ ಬಂದಳು. ಬಂಡಮ್ಮ ಲಿಂಗಪೂಜೆ ಮುಗಿಸಿ ಕೂತಿದ್ದಳು. ಎಡಕ್ಕೆ ಪಾದೋದಕದ ಬಟ್ಟಲು, ಬಲ ಅಂಗೈಯಲ್ಲಿ ಹೊಸ ಡಬ್ಬಿಯಿಂದ ತೆಗೆದ ಬಂಗಾರ ಬಣ್ಣದ ಗುಳಿಗೆ. ಎಂಟು ತಿಂಗಳಿಂದ ಅವಳ ನೇಮ ಹೀಗೇ: ಮೊದಲು ಪೂಜೆ, ಪಾದೋದಕದ ಜೊತೆಗೇ ಆ ಗುಳಿಗೆ, ಆಮೇಲೆ ರೊಟ್ಟಿ. ಒಳ್ಳೆಯದನ್ನು ಒಳ್ಳೆಯ ನೀರಿನಲ್ಲೇ ನುಂಗಬೇಕೆಂಬುದು ಅವಳ ಲೆಕ್ಕ.

"ಅತ್ತಿ, ಜರಾ ತಡೀರಿ" ಅಂದಳು ಸಂಗಮ್ಮ. "ಈ ಡಬ್ಬಿದು ಬಣ್ಣ ಬ್ಯಾರೆ ಕಾಣಾಕತ್ತದ. ಒಮ್ಮೆ ತೋರಿಸ್ಕೊಂಡು ಬರ್ತೀನಿ."

"ಬಣ್ಣ ಏನ್ ಮಾಡ್ತದ? ನಮ್ಮ ವೀರ ಕೊಟ್ಟಿದ್ದು" ಅಂದಳು ಬಂಡಮ್ಮ. ಆದರೂ ಸೊಸೆಯ ಕೈಗೆ ಗುಳಿಗೆ ಕೊಟ್ಟು, ಬರೀ ಪಾದೋದಕ ಕುಡಿದಳು.

ಈ ವೀರಭದ್ರ ಬಂಡಮ್ಮನ ಮೈದುನನ ಮಗ. ಸಂಗಮ್ಮನ ಗಂಡ ಬಸವಣಪ್ಪನಿಗೆ ಚಿಕ್ಕಪ್ಪನ ಮಗ, ಹಾಗಾಗಿ ಸಂಗಮ್ಮ ಅವನಿಗೆ ವೈನಿ, ಅಂದರೆ ಅತ್ತಿಗೆ. ಶಾಲೆಗೆ ಹೋಗುವಾಗ ಇದೇ ಅಡುಗೆಮನೆಯಲ್ಲಿ ಬಂಡಮ್ಮ ಬಡಿದ ರೊಟ್ಟಿ ತಿಂದು ಬೆಳೆದವನು. ದೊಡ್ಡವನಾಗಿ ಹುಮನಾಬಾದ ಸೇರಿದ. ಅಲ್ಲಿ ಶಕ್ತಿಯ ಪೌಡರು, ಗುಳಿಗೆ ಮಾರುವ ಚೈನ್ ಕಂಪನಿಯೊಂದರ ಏಜೆಂಟನಾದ. ನಾಲ್ಕು ಮಂದಿಯನ್ನು ಕೆಳಗೆ ಸೇರಿಸಿದರೆ ಮೇಲಿನವನು ಒಂದು ಮೆಟ್ಟಿಲು ಏರುವ ವ್ಯಾಪಾರ ಅದು. 2003ರಲ್ಲಿ ಅವನು ಸಂಗಮ್ಮನ ಬಳಿಗೂ ಬಂದಿದ್ದ.

"ವೈನಿ, ನನ್ನ ಕೆಳಗ ಸೇರ್ರಿ. ನಿಮ್ಮ ಚಟ್ನಿ ತಿನ್ನೋ ಮನಿ ಎಲ್ಲಾ ನಿಮ್ಮ ಮಾತು ಕೇಳ್ತಾವ."

"ನಾ ಹುರಿದು, ಕುಟ್ಟಿ, ಮೊದಲು ನನ್ನ ಬಾಯಿಗಿಟ್ಟು ಮಾರಾಕಿ. ಇದರಾಗ ಏನದ ಅಂತ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಬ್ಯಾಡಪ್ಪ."

ಅವನು ನಕ್ಕು ಹೋದ. ಮೂರು ವಾರದ ನಂತರ ಹುಮನಾಬಾದದ ಕಲ್ಯಾಣ ಮಂಟಪದಲ್ಲಿ ಕಂಪನಿಯ ಸಭೆ ನಡೆಯಿತು. ನೆಂಟಸ್ತನ ಮುರಿಯಬಾರದೆಂದು ಸಂಗಮ್ಮ ಹೋಗಿ ನಾಲ್ಕನೆಯ ಸಾಲಿನಲ್ಲಿ ಕೂತಿದ್ದಳು. ವೀರಭದ್ರ ವೇದಿಕೆಯ ಮೇಲೆ ಬಿಳಿ ತಾಟು ಇಡಿಸಿದ. ಚಟ್ನಿಯ ಪೊಟ್ಟಣವೊಂದನ್ನು ಅದರೊಳಗೆ ಸುರಿದ. ಅಗಸೆ ಪುಡಿಯಲ್ಲಿ ಮೂರು ಹುಳ ಹರಿದಾಡಿದವು.

"ಈಗಿನ ಭೂಮಿಯಾಗ ಸತ್ವ ಉಳಿದಿಲ್ರಿ" ಅಂದ ಅವನು ಮೈಕಿನಲ್ಲಿ. "ಜ್ವಾಳ ಬರೇ ಹೊಟ್ಟು, ಅಗಸಿ ಬರೇ ಸಿಪ್ಪಿ. ಮ್ಯಾಲ ಹುಳದ ಭಾಗ್ಯ ಬ್ಯಾರೆ. ಇದು ನಮ್ಮ ಮನಿಯವರದೇ ಮಾಲು, ಹೆಸರು ಹೇಳಂಗಿಲ್ಲ."

ಹೆಸರು ಹೇಳಲಿಲ್ಲ, ಪೊಟ್ಟಣವನ್ನು ಸಭೆಯ ಕಡೆ ತಿರುಗಿಸಿ ಹಿಡಿದ. ಇನ್ನೂರು ಹೆಂಗಸರು ಸಂಗಮ್ಮನ ಹೆಸರು ಓದಿದರು.

ಆ ಪೊಟ್ಟಣಕ್ಕೆ ಕಟ್ಟಿದ್ದು ಹಳದಿ ದಾರ. ಹಳದಿ ದಾರವನ್ನು ಸಂಗಮ್ಮ ಹಿಂದಿನ ಯುಗಾದಿಗೇ ಬಿಟ್ಟು ಬಿಳಿ ದಾರಕ್ಕೆ ಬಂದಿದ್ದಳು. ಅಂದರೆ ಆ ಚಟ್ನಿಗೆ ಹೆಚ್ಚುಕಡಿಮೆ ಒಂದು ವರ್ಷ. ಎರಡು ತಿಂಗಳೊಳಗೆ ತಿನ್ನಬೇಕೆಂದು ಪೊಟ್ಟಣದ ಮೇಲೆಯೇ ಬರೆದಿತ್ತು. ಅದನ್ನು ಎದ್ದು ನಿಂತು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಬೇಸಿಗೆ ಮುಗಿಯುವುದರೊಳಗೆ ಹುಮನಾಬಾದದ ಗಿರಾಕಿಗಳು ಹೋದರು, ಮಳೆಗಾಲಕ್ಕೆ ಬಸವಕಲ್ಯಾಣದವರು. ಅವಳ ಅಂಗಳದಲ್ಲಿ ಹುರಿದು ಕುಟ್ಟುತ್ತಿದ್ದ ಆರು ಹೆಂಗಸರು ಹೊಲದ ಕೂಲಿಗೆ ಮರಳಿದರು. ರಾಜೇಶ್ವರದಿಂದ ಬರುತ್ತಿದ್ದ ಗಯಾಬಾಯಿ ಒರಳಿಗೆ ಗೋಣಿ ಹೊದಿಸಿ ಹೋದ ದಿನ ಸಂಗಮ್ಮ ಊಟ ಮಾಡಲಿಲ್ಲ.

"ಬಿಡು, ಮನಿಯವ" ಅಂದಿದ್ದ ಬಸವಣಪ್ಪ. ಅವನು ಸರಕಾರಿ ಬಸ್ಸಿನ ಡ್ರೈವರು. ಎದುರು ಬಂದ ಗಾಡಿಗೆ ದಾರಿ ಬಿಟ್ಟುಕೊಡುವುದೇ ಅವನ ಸ್ವಭಾವ.

ಸಂಗಮ್ಮ ಬಿಟ್ಟಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದಳು, ಅಷ್ಟೆ. ಅದೇ ಚಳಿಗಾಲದಲ್ಲಿ ಬಂಡಮ್ಮನ ಅಂಗಾಲು ಜೋಮು ಹಿಡಿಯತೊಡಗಿದಾಗ, ವೀರಭದ್ರ ಏನೂ ಆಗದವನ ಹಾಗೆ ಬಂದು ದೊಡ್ಡವ್ವನ ಕೈಯಲ್ಲಿ ಬಂಗಾರದ ಗುಳಿಗೆಯ ಡಬ್ಬಿ ಇಟ್ಟಿದ್ದ. "ಶುದ್ಧ ಅಗಸಿ ಎಣ್ಣಿ, ದೊಡ್ಡವ್ವ. ಮಷಿನ್ನಾಗ ತಗದಿದ್ದು." ಬಂಡಮ್ಮನಿಗೆ ಆಗಾಗ ಕೆಟ್ಟ ತೇಗು ಬರುತ್ತಿತ್ತು. ಒಂಥರಾ ವಾಸನೆ ಎಂದು ಹೇಳಿದರೆ, ಹಸಿ ಅಗಸೆ ಹಾಗೇ ಇರುತ್ತದೆ ಎಂದಿದ್ದ. ಅದು ಅಗಸೆಯ ವಾಸನೆಯಲ್ಲವೆಂದು ಸಂಗಮ್ಮನ ಮೂಗಿಗೆ ಗೊತ್ತಿತ್ತು. ಏನಿರಬಹುದೆಂದು ಗೊತ್ತಿರಲಿಲ್ಲ. ಆ ಮನೆಯಲ್ಲಿ ಏಳು ತಲೆಮಾರಿನಿಂದ ಯಾರೂ ಮೀನಿನ ವಾಸನೆ ಕಂಡವರಲ್ಲ.

ಎರಡೂ ಡಬ್ಬಿಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಸಂಗಮ್ಮ ಶಂಶುದ್ದೀನನ ಔಷಧದ ಅಂಗಡಿಗೆ ಹೋದಳು. ಅವನು ಕನ್ನಡಕ ಏರಿಸಿ, ಡಬ್ಬಿಯ ಸುತ್ತ ಇರುವೆ ಸಾಲಿನಂತಿದ್ದ ಇಂಗ್ಲಿಷ್ ಅಕ್ಷರಗಳನ್ನು ಓದಿದ.

"ಮೀನಿನ ಎಣ್ಣಿ, ಅಕ್ಕಾ. ಮ್ಯಾಲಿನ ಸಿಪ್ಪಿ ಜೆಲಾಟಿನ್. ಅದು ದನಗಳ ಎಲುಬು, ಚರ್ಮದಿಂದ ತಗೀತಾರ. ಯಾವ ಜಾನ್ವರ, ಹ್ಯಾಂಗ ಕಡದಿದ್ದು ಅಂತ ಬರದಿಲ್ಲ. ನಮಗೂ ನಡಿಯಂಗಿಲ್ಲ ಇದು."

"ಅಗಸಿ?"

"ಅಗಸಿ ಹೆಸರೇ ಇಲ್ಲ. ಮಾಲು ಖೋಟಾ ಅಲ್ಲ. ಕಂಪನಿ ಬರೋಬರ್ ಬರದಾದ, ಚುಕ್ಕಿನೂ ಹಾಕ್ಯಾದ. ಮುಚ್ಚಿದವ ನಡುವಿನವ." ಅವನು ಡಬ್ಬಿ ಕೆಳಗಿಟ್ಟ. "ಮೀನು ತಿನ್ನೂದು ತಪ್ಪಲ್ಲ. ತಿನ್ನದವರಿಗೆ ಹೇಳದೆ ತಿನಿಸೂದು ಹರಾಮ್."

ಹೊಸ ಡಬ್ಬಿಯ ಹಳದಿ ಚೀಟಿಯನ್ನೂ ಸಂಗಮ್ಮ ಅಲ್ಲೇ ಕಿತ್ತಳು. ಕಂದು ಚುಕ್ಕೆ ಅದೇ ಜಾಗದಲ್ಲಿತ್ತು. ಚೀಟಿ ಓರೆಕೋರೆಯಾಗಿ ಅಂಟಿದ್ದಲ್ಲ. ಚುಕ್ಕೆಯ ಮೇಲೇ ನೆಟ್ಟಗೆ ಕೂರಿಸಿದ್ದು.

"ನಮ್ಮತ್ತಿ ಕಾಲಿಗೆ ಏನ್ ಬೇಕಾಗೇದ, ಭಾಯ್?"

"ಏನ್ ತಿಂತಾರ ಹೇಳ್ರಿ ಮೊದಲು."

ಅವಳು ಹೇಳಿದಳು: ಬಿಳಿ ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ, ಮೆಂತ್ಯೆ ಸೊಪ್ಪು, ಎಳ್ಳು, ಅಗಸೆ ಚಟ್ನಿ. ಹಾಲು ಮಜ್ಜಿಗೆ ಕಫವಾಗುತ್ತದೆಂದು ಬಿಟ್ಟು ನಾಲ್ಕು ವರ್ಷ.

"ಇಷ್ಟು ತಿನ್ನೋರಿಗೆ ಯಾವ ಪೌಡರೂ ಬ್ಯಾಡ. ಒಂದೇ ಒಂದು ಈ ತಾಟಿನ್ಯಾಗ ಬರಂಗಿಲ್ಲ, ವಿಟಮಿನ್ ಬಿ ಹನ್ನೆರಡು. ಕಾಳಿನ್ಯಾಗಿಲ್ಲ, ಸೊಪ್ಪಿನ್ಯಾಗಿಲ್ಲ. ಹಾಲಿನ್ಯಾಗ ಸ್ವಲ್ಪ ಇರ್ತದ, ಅದನ್ನೂ ಬಿಟ್ಟಾರ. ಅದು ಕಮ್ಮಿ ಆದ್ರ ಕಾಲು ಜೋಮು ಹಿಡೀತಾವ. ಆದ್ರ ನಾ ಡಾಕ್ಟರಲ್ಲ. ಸಕ್ಕರಿ ರೋಗದಿಂದನೂ ಹಂಗಾಗ್ತದ. ದವಾಖಾನ್ಯಾಗ ರಕ್ತ ಕೊಡ್ರಿ."

ರಕ್ತ ಸೋಲಾಪುರಕ್ಕೆ ಹೋಗಿ ಬಂತು. ಸಕ್ಕರೆ ಇರಲಿಲ್ಲ; ಬಿ ಹನ್ನೆರಡು ತಳ ಮುಟ್ಟಿತ್ತು. ಡಾಕ್ಟರು ಕೆಲವು ಸೂಜಿ ಕೊಟ್ಟು, ಆಮೇಲೆ ದಿನಕ್ಕೊಂದು ಕೆಂಪು ಗುಳಿಗೆ ಬರೆದರು. ಅದು ಸಿಪ್ಪೆಯಿಲ್ಲದ ಗಟ್ಟಿ ಗುಳಿಗೆ ಎಂದು ಸಂಗಮ್ಮ ಶಂಶುದ್ದೀನನಿಂದ ಎರಡು ಸಲ ಓದಿಸಿಕೊಂಡಳು. ಮನೆಗೆ ಬಂದು ಅತ್ತೆಗೆ ಹೇಳಿದಳು: "ಈ ಕೆಂಪಿದ್ದು ತಗೊಳ್ಳೂ ತನಕ ಬಂಗಾರದ್ದು ಬ್ಯಾಡ ಅಂದಾರ." ಬಂಗಾರದ್ದು ಬ್ಯಾಡ ಎಂಬ ಮಾತು ಡಾಕ್ಟರದಲ್ಲ, ಅವಳದು.

ಬೀದರಿನ ತಪಾಸಣೆಯವರಿಗೆ ಅರ್ಜಿ ಬರೆಯಿರಿ, ನಾನೂ ಸಹಿ ಹಾಕುತ್ತೇನೆ ಎಂದಿದ್ದ ಶಂಶುದ್ದೀನ್. ಸಂಗಮ್ಮ ಒಂದು ವಾರ ಅದನ್ನೇ ತೂಗಿದಳು. ಅರ್ಜಿ ಹೋದರೆ ಪಂಚನಾಮೆ ಆಗುತ್ತದೆ, ಪೇಪರಿನಲ್ಲಿ ಬರುತ್ತದೆ, ಯಾವ ಗುಳಿಗೆ, ಯಾವ ಎಣ್ಣೆ ಎಂಬುದೆಲ್ಲ ಊರ ಬಾಗಿಲ ಕಟ್ಟೆಯವರೆಗೆ ಮುಟ್ಟುತ್ತದೆ. ಎಪ್ಪತ್ತೊಂದು ವರ್ಷದ ಬಂಡಮ್ಮ, ಎಂಟು ತಿಂಗಳು ಪಾದೋದಕದಲ್ಲಿ ಮೀನು ನುಂಗಿದೆನೆಂದು ತಿಳಿದ ಮೇಲೆ ಮತ್ತೊಮ್ಮೆ ಅಂಗೈಯಲ್ಲಿ ಲಿಂಗ ಹಿಡಿಯುವಳೇ? ಅನ್ನ ಬಿಟ್ಟು ಮಲಗುವ ಹಟದ ಜೀವ ಅದು. ವೀರಭದ್ರನನ್ನು ಹೊಡೆಯಲು ಎತ್ತಿದ ಕೋಲು ಮೊದಲು ಅತ್ತೆಯ ತಲೆಯ ಮೇಲೆ ಬೀಳುತ್ತಿತ್ತು.

ಹಾಗೆಂದು ಕೋಲು ಕೆಳಗಿಡಲೂ ಅವಳು ಸಿದ್ಧಳಿರಲಿಲ್ಲ. ಕಾದಳು.

ದೀಪಾವಳಿಗೆ ಮೊದಲು ಗಯಾಬಾಯಿ ಬಂದಳು. ಅವಳ ತಮ್ಮ ಪಂಡರಿ ವೀರಭದ್ರನ ಜೀಪು ಓಡಿಸುತ್ತಿದ್ದ.

"ಅಕ್ಕಾ, ಜರಾ ಅಗಸಿ ಚಟ್ನಿ ಕುಟ್ಟಿ ಕೊಡ್ರಿ. ಪಂಡರಿ ಕೈಯಾಗ ಹುಮನಾಬಾದಕ್ಕ ಕಳಿಸಬೇಕು."

"ಯಾರಿಗೆ?"

"ಯಾರಿಗೆ ಅಂದ್ರ ನಗ್ತೀರಿ. ವೀರಭದ್ರಪ್ಪನ ಅವ್ವ ಕಾಶಮ್ಮಗ. ಆಕೀಗ ನಿಮ್ಮ ಚಟ್ನಿ ಇಲ್ಲದ ರೊಟ್ಟಿ ಇಳಿಯಂಗಿಲ್ಲಂತ. ಮಗನೇ ಹೇಳ್ಯಾನ, ತಂದು ಕೊಡು, ಯಾರ ಮುಂದೂ ಅನ್ನಬ್ಯಾಡ ಅಂತ."

ಸಂಗಮ್ಮನ ಕೈಯಲ್ಲಿದ್ದ ಮೊರ ನಿಂತಿತು. "ಸಣ್ಣತ್ತಿ ಆ ಬಂಗಾರದ ಗುಳಿಗಿ ತಗೊಳ್ಳಂಗಿಲ್ಲೇನು?"

"ಮುದುಕಿ ಬೇಡತಾಳಂತ. ಮೊಣಕಾಲು ನೋಯ್ತಾವ, ನನಗೂ ಕೊಡೋ ಅಂತಾಳಂತ. ಇವ ನಿನಗ ಅದು ಬ್ಯಾಡ ಅಂತಾನಂತ. ಡಬ್ಬಿಗಳ ಖೋಲಿಗೆ ಕೀಲಿ ಹಾಕ್ಯಾನ, ಅಡಿಗಿ ಮನಿಗೆ ಒಂದೂ ತರಂಗಿಲ್ಲ ಅಂತಾನ ನಮ್ಮ ಪಂಡರಿ."

ಅಲ್ಲಿಯವರೆಗೆ ಸಂಗಮ್ಮನ ಮನಸ್ಸಿನ ಮೂಲೆಯಲ್ಲಿ ಒಂದು ಸಂಶಯ ಉಳಿದಿತ್ತು: ಅವನಿಗೂ ಗೊತ್ತಿಲ್ಲದಿದ್ದರೆ? ಆ ಸಂಶಯ ಅಂದು ಹೋಯಿತು. ತನ್ನ ತಾಯಿಯ ಬಾಯಿಗೆ ಬೇಡವಾದದ್ದನ್ನು, ತನಗೆ ಅನ್ನ ಹಾಕಿದ ದೊಡ್ಡವ್ವನ ಬಾಯಿಗೆ ಹಾಕಿದ್ದ. ಒರಳಿನ ಗೋಣಿ ತೆಗೆದು ಅವಳು ತಾನೇ ಅಗಸೆ ಹುರಿದಳು, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಕುಟ್ಟಿದಳು. ಪೊಟ್ಟಣ ಕಟ್ಟುತ್ತ ಹೇಳಿದಳು: "ಸಣ್ಣತ್ತಿಗೆ ಕಮ್ಮಿ ಬೀಳದಂಗ ತಿಂಗಳಾ ಒಯ್ಯಿ. ಆಕೀ ಗಟ್ಟಿ ಇರಬೇಕು."

2005ರ ಫೆಬ್ರವರಿಯ ಒಂದು ಭಾನುವಾರ ವೀರಭದ್ರನಿಗೆ ಕಂಪನಿಯ ಸನ್ಮಾನವಿತ್ತು. ಅದೇ ಕಲ್ಯಾಣ ಮಂಟಪ. ಬಂಡಮ್ಮನನ್ನು ಕರೆತರಲು ಜೀಪು ಕಳಿಸಿದ್ದ. ಜೋಮು ಬಿಟ್ಟ ದೊಡ್ಡವ್ವ ಅವನಿಗೆ ವೇದಿಕೆಯ ಮೇಲೆ ಬೇಕಾಗಿದ್ದಳು. ಸಂಗಮ್ಮನೂ ಹೊರಟಳು. ಅವಳ ಕೈಚೀಲದಲ್ಲಿ, ಶ್ರಾವಣದಿಂದ ಮುಟ್ಟದೆ ಇಟ್ಟಿದ್ದ ಹೊಸ ಡಬ್ಬಿ ಇತ್ತು, ಚೀಟಿ ಕಿತ್ತದ್ದು.

ಮಂಟಪದಲ್ಲಿ ಮುನ್ನೂರು ಜನ. ಕಾಶಮ್ಮ ಮೊದಲ ಸಾಲಿನಲ್ಲಿ, ಇಳಕಲ್ ಸೀರೆ ಉಟ್ಟು ಕೂತಿದ್ದಳು. ವೀರಭದ್ರ ಹಾರ ಹಾಕಿಸಿಕೊಂಡು ಮೈಕು ಹಿಡಿದ.

"ನೋಡ್ರಿ, ಇವರು ನಮ್ಮ ದೊಡ್ಡವ್ವ. ಹ್ವಾದ ವರ್ಷ ನೆಲಕ್ಕ ಕಾಲು ಊರಿದ್ರ ಗೊತ್ತಾಗ್ತಿರಲಿಲ್ಲ. ಇವತ್ತು ಮೆಟ್ಟಿಲು ಹತ್ತಿ ಬಂದಾರ. ಹೇಳು ದೊಡ್ಡವ್ವ, ಯಾವುದರಿಂದ?"

"ಶಿವನ ದಯಾ, ನಿನ್ನ ಗುಳಿಗಿ" ಅಂದಳು ಬಂಡಮ್ಮ. ಕೆಂಪು ಗುಳಿಗೆಯ ನೆನಪು ಅವಳಿಗೆ ಬರಲಿಲ್ಲ. ಮಗನಂಥವನ ಮೆರವಣಿಗೆಯಲ್ಲಿ ಅದು ಯಾಕೆ ಬರಬೇಕು?

ಅತ್ತೆಯ ತೋಳು ಹಿಡಿದು ಮೇಲೆ ಬಂದಿದ್ದ ಸಂಗಮ್ಮ ಅಲ್ಲಿಯೇ ನಿಂತಿದ್ದಳು. ಅವಳು ಮೈಕು ಕೇಳಲಿಲ್ಲ. ದನಿ ಮಾತ್ರ ಸ್ವಲ್ಪ ಎತ್ತರಿಸಿದಳು.

"ವೀರಭದ್ರ, ದೊಡ್ಡವ್ವಗ ಇಷ್ಟು ಮಾಡಿದಿ. ಹಡದವ್ವಗ ಮೊಣಕಾಲು ನೋವಂತ. ಈ ಶುಭದಿನ, ಹತ್ತು ಮಂದಿ ಮುಂದ, ನಿನ್ನ ಕೈಯಾರೆ ಆಕೀಗೂ ಒಂದು ಗುಳಿಗಿ ಕೊಡು."

ಸಭೆ ಚಪ್ಪಾಳೆ ತಟ್ಟಿತು. ಕಾಶಮ್ಮ ಆಗಲೇ ಎದ್ದಿದ್ದಳು. ಯಾರೋ ಕೈಹಿಡಿದು ಮೇಲೆ ಹತ್ತಿಸಿದರು. ಸಂಗಮ್ಮ ಚೀಲದಿಂದ ಡಬ್ಬಿ ತೆಗೆದು ವೀರಭದ್ರನ ಮುಂದೆ ಹಿಡಿದಳು. ಎರಡು ವರ್ಷದ ಹಿಂದೆ ಅವನು ಪೊಟ್ಟಣವನ್ನು ಸಭೆಗೆ ತಿರುಗಿಸಿದ್ದ; ಅವಳು ಡಬ್ಬಿಯನ್ನು ಅವನೊಬ್ಬನ ಕಡೆಗೆ ತಿರುಗಿಸಿದಳು. ಹಳದಿ ಚೀಟಿ ಇರಬೇಕಾದಲ್ಲಿ ಕಂದು ಚುಕ್ಕೆ.

ಅವನ ಕಣ್ಣು ಚುಕ್ಕೆಯ ಮೇಲೆ ನಿಂತದ್ದನ್ನು, ಅಲ್ಲಿಂದ ತನ್ನ ಮುಖಕ್ಕೆ ಬಂದದ್ದನ್ನು, ಮತ್ತೆ ಚುಕ್ಕೆಗೆ ಹೋದದ್ದನ್ನು ಸಂಗಮ್ಮ ನೋಡಿದಳು. ಎರಡು ವರ್ಷದಲ್ಲಿ ಇಷ್ಟು ಸಮಾಧಾನ ಅವಳಿಗೆ ಎಂದೂ ಆಗಿರಲಿಲ್ಲ.

ಕಾಶಮ್ಮ ಎಡ ಅಂಗೈಯ ಮೇಲೆ ಬಲ ಅಂಗೈ ಇಟ್ಟು, ಪ್ರಸಾದ ಬೇಡುವವರ ಹಾಗೆ ಚಾಚಿದಳು. ಎದೆಯ ಮೇಲೆ ಲಿಂಗದ ಕರಡಿಗೆ ತೂಗುತ್ತಿತ್ತು. "ಕೊಡಪ್ಪಾ. ದಿನಾ ಕೇಳ್ತೀನಿ, ನಿನಗ ಬ್ಯಾಡ ಅಂತಿ. ಇವತ್ತರ ಕೊಡು."

ಮೈಕು ಆ ಮಾತನ್ನು ಹಿಂದಿನ ಸಾಲಿನವರೆಗೆ ಮುಟ್ಟಿಸಿತು.

"ಅವ್ವ, ನಿನಗ ಬಿ.ಪಿ. ಅದ" ಅಂದ ವೀರಭದ್ರ.

"ನನಗೂ ಅದ ಅಲ್ಲೋ ಬಿ.ಪಿ." ಮುಂದಿನ ಸಾಲಿನ ಒಬ್ಬ ಹೆಂಗಸು ಕೂತಲ್ಲಿಂದಲೇ ಕೇಳಿದಳು. "ನನಗ ನಾಕು ಡಬ್ಬಿ ಕೊಟ್ಟಿ. ಬಿ.ಪಿ. ಇಳೀತದ ಅಂದಿ."

"ಹಡದಾಕೀಗೇ ಕೊಡಂಗಿಲ್ಲೇನ್ರಿ?" ಅಂದಿತು ಇನ್ನೊಂದು ದನಿ.

"ಸಣ್ಣತ್ತಿಗೆ ಬಿ.ಪಿ. ಇದ್ರ ಬಿಡು" ಅಂದಳು ಸಂಗಮ್ಮ. "ನಿನಗಿಲ್ಲಲ್ಲ. ನೀ ತಗೋ. ನಾನೇ ತಗದು ಕೊಡ್ಲಿ?" ಮುಚ್ಚಳ ತೆಗೆದು, ಬಂಗಾರದ ಗುಳಿಗೆಯೊಂದನ್ನು ತನ್ನ ಅಂಗೈಯಲ್ಲಿ ಹಾಕಿ ಅವನ ಬಾಯಿಯ ಎತ್ತರಕ್ಕೆ ಹಿಡಿದಳು.

ಅವನು ನುಂಗಬಹುದಿತ್ತು. ಒಂದು ಗುಟುಕು ನೀರಿನಲ್ಲಿ ಅವನ ವ್ಯಾಪಾರ ಉಳಿಯುತ್ತಿತ್ತು. ತುಟಿ ತೆರೆಯಿತು ಕೂಡ. ಆದರೆ ಅದರೊಳಗೆ ಏನಿದೆಯೆಂದು ಬಲ್ಲವನು ಅವನು; ಲಿಂಗ ಕಟ್ಟಿದ ತಾಯಿ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಅವನು ಮುಖ ತಿರುಗಿಸಿ ಸಂಗಮ್ಮನ ಕೈಯನ್ನು ದೂಡಿದ. ಗುಳಿಗೆ ವೇದಿಕೆಯ ಹಲಗೆಯ ಮೇಲೆ ಉರುಳಿ ಮೊದಲ ಸಾಲಿನ ಕಾಲುಗಳ ನಡುವೆ ಹೋಯಿತು. ಯಾರೂ ಎತ್ತಿಕೊಳ್ಳಲಿಲ್ಲ.

ಗುಳಿಗೆಯೊಳಗೆ ಏನಿತ್ತೆಂದು ಆ ದಿನ ಯಾರೂ ಕೇಳಲಿಲ್ಲ. ಮಾರುವವನೂ ತಿನ್ನುವುದಿಲ್ಲ, ಅವನ ತಾಯಿಗೂ ಕೊಡುವುದಿಲ್ಲ. ಹುಮನಾಬಾದದ ಹೆಂಗಸರಿಗೆ ಅಷ್ಟು ಸಾಕಾಯಿತು. ಸಂಜೆಯೊಳಗೆ ಅದು ಚಿಟಗುಪ್ಪಾ ಮುಟ್ಟಿತು, ವಾರದೊಳಗೆ ರಾಜೇಶ್ವರ. ಡಬ್ಬಿಗಳು ಮರಳಿ ಬಂದವು. ವೀರಭದ್ರನ ಕೆಳಗಿದ್ದ ಏಜೆಂಟರು ಒಬ್ಬೊಬ್ಬರಾಗಿ ಜಾರಿಕೊಂಡರು. ಜೀಪು ಮಾರಿದ, ಪಂಡರಿ ಬೇರೆ ಗಾಡಿ ಹಿಡಿದ. ಯುಗಾದಿಯ ಹೊತ್ತಿಗೆ ಸಂಗಮ್ಮನ ಅಂಗಳದಲ್ಲಿ ಮೂರು ಒರಳು ಮತ್ತೆ ಸದ್ದು ಮಾಡುತ್ತಿದ್ದವು.

ಒಂದು ಮಧ್ಯಾಹ್ನ ವೀರಭದ್ರ ಬಂದ. ಬಂಡಮ್ಮ ಮಲಗಿದ್ದಳು. ಅವನು ಬಾಗಿಲ ಹೊಸ್ತಿಲಲ್ಲೇ ನಿಂತು ದನಿ ತಗ್ಗಿಸಿ ಕೇಳಿದ.

"ವೈನಿ, ಆ ಡಬ್ಬಿ ಕೊಟ್ಟುಬಿಡ್ರಿ."

"ಯಾವುದು?"

"ಗೊತ್ತದ ನಿಮಗ. ನನ್ನ ಇಜ್ಜತ್ ಹೋಯ್ತು, ಧಂದೆ ಹೋಯ್ತು. ಇನ್ನೇನ್ ಬೇಕು ನಿಮಗ?"

ಸಂಗಮ್ಮ ಗೂಡಿನ ಕಡೆ ಕೈ ತೋರಿಸಿದಳು. ಡಬ್ಬಿ ಅಲ್ಲಿತ್ತು, ಚೆನ್ನಾಗಿ ತೊಳೆದು, ಅಗಸೆ ಚಟ್ನಿ ತುಂಬಿ. ಚುಕ್ಕೆ ಗೋಡೆಯ ಕಡೆಗಿತ್ತು.

"ಖಾಲಿ ಡಬ್ಬಿ ಒಗಿಯೋ ರೂಢಿ ನಮ್ಮನ್ಯಾಗಿಲ್ಲ" ಅಂದಳು. "ಅತ್ತಿ ಇರೂ ತನಕ ಅದು ಹಂಗೇ ಇರ್ತದ. ನಾ ಬಾಯಿ ಬಿಡಂಗಿಲ್ಲ, ಹೆದರಬ್ಯಾಡ. ಆದ್ರ ಎಳ್ಳಮಾಸಿಗೆ ಹೊಲಕ್ಕ ಬಾ. ನೀ ಬರಲಿಲ್ಲಂದ್ರ ಅತ್ತಿ ಯಾಕ ಅಂತ ಕೇಳ್ತಾರ. ನಾ ಏನ್ ಹೇಳಲಿ?"

ಅವನು ಬಂದ. ಆ ವರ್ಷವೂ ಬಂದ, ಮರುವರ್ಷವೂ, ಅದರ ಮರುವರ್ಷವೂ. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ಹೊಲದಲ್ಲಿ ಕಂಬಳಿ ಹಾಸಿ ಮನೆಮಂದಿ ಕೂರುತ್ತಿದ್ದರು. ಎಲ್ಲ ಕಾಳು, ಎಲ್ಲ ಕಾಯಿಪಲ್ಲೆ ಹಾಕಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಮಡಕೆಯಲ್ಲಿ ಅಂಬಲಿ. ಮಜ್ಜಿಗೆ ಹಾಕಿದ ಆ ಅಂಬಲಿಯನ್ನು ಈಗ ಬಂಡಮ್ಮನೂ ಕುಡಿಯುತ್ತಿದ್ದಳು. ಸಂಗಮ್ಮ ಬುಟ್ಟಿಯಿಂದ ಆ ಡಬ್ಬಿಯನ್ನು ತೆಗೆದು ವೀರಭದ್ರನ ತಾಟಿನ ಮುಂದೆಯೇ ಇಡುತ್ತಿದ್ದಳು, ಚುಕ್ಕೆ ಅವನ ಕಡೆಗೆ.

ಮೂರನೆಯ ವರ್ಷ ಬಂಡಮ್ಮ ಅದರಿಂದಲೇ ಚಟ್ನಿ ತೆಗೆದು ಅವನ ರೊಟ್ಟಿಯ ಮೇಲೆ ಹಾಕಿದಳು. ಅವನ ಬೆನ್ನು ಸವರಿದಳು.

"ಛಲೋ ತಿನ್ನು, ಸೊರಗಿ ಹ್ವಾದಿ. ಅಲ್ಲೋ ವೀರಾ, ಕೆಂಪಿದ್ದು ಮುಗಿದು ಎಷ್ಟೋ ದಿನ ಆತು, ಆ ಬಂಗಾರದ ಗುಳಿಗಿ ತರೂದು ಯಾಕ ಬಿಟ್ಟಿ? ಪೂಜಿ ಆದಮ್ಯಾಲ ನುಂಗತಿದ್ದೆ, ಎಷ್ಟು ಹಿತ ಇತ್ತು."

ವೀರಭದ್ರ ರೊಟ್ಟಿ ಮುರಿದ ಕೈಯನ್ನು ತಾಟಿನಲ್ಲೇ ಬಿಟ್ಟ. ಪ್ರತಿ ವರ್ಷವೂ ಮುದುಕಿ ಈ ಪ್ರಶ್ನೆ ಕೇಳುತ್ತಿದ್ದಳು, ಪ್ರತಿ ವರ್ಷವೂ ಅವನು ಹೊಸ ಸುಳ್ಳು ಹುಡುಕಬೇಕಾಗುತ್ತಿತ್ತು.

ಸಂಗಮ್ಮ ಅಂಬಲಿ ಬಗ್ಗಿಸುವುದನ್ನು ನಿಲ್ಲಿಸಿದಳು.

"ಹೇಳಪ್ಪ" ಅಂದಳು. "ಅತ್ತಿ ಕೇಳಾಕತ್ತಾರ."